ಗ್ನೂ ಬ್ಯಾಕ್‌ಗ್ಯಾಮನ್: ಚಾಂಪಿಯನ್ನರ ಅಳತೆಗೋಲು, ಬಿಡಿಗಾಸಿನ ಖರ್ಚಿಲ್ಲದೆ

ಜಪಾನಿನ ಅಕಿಕೊ ಯಜಾವಾ 2014 ಮತ್ತು 2018ರಲ್ಲಿ, ಎರಡು ಸಲ ಬ್ಯಾಕ್‌ಗ್ಯಾಮನ್ (ದಾಳ ಉರುಳಿಸಿ ಕಾಯಿ ನಡೆಸುವ ಇಬ್ಬರ ಆಟ) ವಿಶ್ವ ಚಾಂಪಿಯನ್ ಆದರು. ಬರೀ ಅದೃಷ್ಟಕ್ಕೆ ಅಷ್ಟು ದೂರ ಕೈಹಿಡಿಯುವ ಶಕ್ತಿಯಿಲ್ಲ. ದಾಳ ಯಾರ ಮಾತೂ ಕೇಳುವುದಿಲ್ಲ, ನಿಜ. ಆದರೆ ಬಿದ್ದ ಗರಕ್ಕೆ ಯಾವ ಕಾಯಿ ನಡೆಸಿದರು, ಪಣವನ್ನು ಇಮ್ಮಡಿ ಮಾಡುವ ಡಬ್ಲಿಂಗ್ ಕ್ಯೂಬ್ ಯಾವಾಗ ತಿರುಗಿಸಿದರು ಎಂಬುದನ್ನು ಖಂಡಿತ ಅಳೆಯಬಹುದು. ಆ ಅಳತೆಗೆ ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಗ್ನೂ ಬ್ಯಾಕ್‌ಗ್ಯಾಮನ್‌ಗೇ ನಮ್ಮ ಮೊದಲ ಮತ.

ಹಾಕಿಕೊಂಡ ಕೂಡಲೇ ವಿಶ್ಲೇಷಣೆಯ ಮಟ್ಟ ನೋಡಿ. ಕಾಯಿ ನಡೆ, ಕ್ಯೂಬ್ ಎರಡಕ್ಕೂ 'ವರ್ಲ್ಡ್ ಕ್ಲಾಸ್', ಅಂದರೆ ಎರಡು ಗರ ಮುಂದೆ ನೋಡುವ 2-ಪ್ಲೈ ಇರಲಿ. ಮುಂದೆ ನೋಡದ 0-ಪ್ಲೈ ಚುರುಕು, ಆದರೆ ತೊಡಕಿನ ಸ್ಥಿತಿಗಳಲ್ಲಿ ಎಡವುತ್ತದೆ.

ಒಂದು ಪರೀಕ್ಷೆ: ಆರಂಭದ ಗರ 5-1. ಹಳೆಯ ಆಟಗಾರರು 13/8, 6/5 (13ನೇ ಮನೆಯಿಂದ 8ಕ್ಕೆ, 6ರಿಂದ 5ಕ್ಕೆ) ಆಡಿ ಐದನೇ ಮನೆಯಲ್ಲಿ ಒಂಟಿ ಕಾಯಿ ಇಡುತ್ತಿದ್ದರು. ಸುಳಿವು ಕೇಳಿದರೆ ಇದು 24/23, 13/8ನ್ನು ಮೇಲಿಡುತ್ತದೆ. ಕಾರಣ ಲೆಕ್ಕ ಹಾಕಿದರೆ ಸಿಗುತ್ತದೆ: ಆ ಒಂಟಿ ಕಾಯಿಗೆ 36ರಲ್ಲಿ 15 ಗರಗಳಿಂದ ಏಟು, ಬಿದ್ದರೆ ಓಟದಲ್ಲಿ 20 ಪಿಪ್ (ಒಂದು ಪಿಪ್ ಅಂದರೆ ಒಂದು ಮನೆಯ ದೂರ) ನಷ್ಟ. ಈ ಲೆಕ್ಕವನ್ನು ತಂತ್ರಾಂಶ ಹೇಳಿಕೊಡುವುದಿಲ್ಲ, ಅಂಕಿ ಮಾತ್ರ ಕೊಡುತ್ತದೆ. ಇದೇ ಅದರ ದೊಡ್ಡ ಕೊರತೆ.

ಎರಡು ನಡೆಗಳ ಸರಾಸರಿ ಗಳಿಕೆಯ ಅಂತರ 0.02 ಅಂಕಕ್ಕಿಂತ ಕಡಿಮೆಯಿದ್ದರೆ ತೀರ್ಪು ನಂಬಬೇಡಿ, ರೋಲ್‌ಔಟ್ ಮಾಡಿಸಿ, ಅಂದರೆ ಆ ಸ್ಥಿತಿಯಿಂದ ಆಟವನ್ನು ಮತ್ತೆಮತ್ತೆ ಆಡಿಸಿ ಸರಾಸರಿ ನೋಡಿ. 1296 ಆಟ ಇಡುವುದು ವಾಡಿಕೆ, ಏಕೆಂದರೆ 36×36: ಮೊದಲೆರಡು ಗರಗಳ ಎಲ್ಲ ಜೋಡಿಗಳೂ ಸಮನಾಗಿ ಬರುತ್ತವೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ತಾಳ್ಮೆ ಬೇಕು. ದುಡ್ಡು ಕೊಟ್ಟು ಕೊಳ್ಳುವ ಎಕ್ಸ್‌ಟ್ರೀಮ್ ಗ್ಯಾಮನ್ ಬಳಸಲು ಹೆಚ್ಚು ಸಲೀಸು, ಆದರೂ ಟೂರ್ನಿ ಆಡದವರಿಗೆ ಅದರ ಅಗತ್ಯವಿಲ್ಲ. ಅಂಕಿ ಹೋಲಿಸುವಾಗ ಮಾತ್ರ ಎಚ್ಚರ: ಪ್ರತಿ ನಿರ್ಧಾರದ ಸರಾಸರಿ ನಷ್ಟವನ್ನು ಗ್ನೂ 1000ದಿಂದ ಗುಣಿಸುತ್ತದೆ, ಎಕ್ಸ್‌ಟ್ರೀಮ್ 500ರಿಂದ. ಗ್ನೂದಲ್ಲಿ 10 ಬಂದರೆ ಅಲ್ಲಿ ಸುಮಾರು 5.

ಪಂದ್ಯವನ್ನು ಕೈಯಾರೆ ತುಂಬುವವರು ಹೆಚ್ಚಾಗಿ ಕೆಡುವುದು ಸ್ಕೋರಿನಲ್ಲಿ. ಕ್ರಾಫರ್ಡ್ ಆಟ (ಒಬ್ಬರು ಗೆಲುವಿಗೆ ಒಂದೇ ಅಂಕ ದೂರಕ್ಕೆ ಬಂದಾಗ ಕ್ಯೂಬ್ ಬಳಸದೆ ಆಡುವ ಒಂದು ಆಟ) ಮುಗಿದು ಎದುರಾಳಿಗೆ ಒಂದೇ ಅಂಕ ಬೇಕಿದ್ದರೆ, ಹಿಂದಿರುವವರು ಕ್ಯೂಬ್ ಬೇಗ ತಿರುಗಿಸಬೇಕು, ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಸ್ಕೋರ್ ಹಾಕದೆ ಬಿಟ್ಟರೆ ಅದನ್ನೇ ತಪ್ಪೆಂದು ಕೆಂಪು ಗುರುತು ಹಾಕೀತು.

ದಾಳದಲ್ಲೇ ಮೋಸ ಎನ್ನುವವರು 'ಮ್ಯಾನ್ಯುವಲ್ ಡೈಸ್' ಆರಿಸಿ ತಮ್ಮದೇ ದಾಳ ಉರುಳಿಸಲಿ.