ಹಳೆ ಚಿರೇಕಲ್ಲಿನ ಮನೆಗೆ ಸಿಮೆಂಟ್ ಬಳಿಸಬೇಡಿ

ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಕಡೆ ಅಜ್ಜನ ಕಾಲದ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆ ದುರಸ್ತಿಗೆ ಹೊರಟವರು ಇದನ್ನು ಓದಿ. ‘ಹೆರಿಟೇಜ್ ಮನೆ ನಮ್ಮ ಸ್ಪೆಷಾಲಿಟಿ’ ಎಂದ ಗುತ್ತಿಗೆದಾರನ ಕೈಗೆ ಸಿಕ್ಕಿ ನಮ್ಮ ಮನೆ ಮೊದಲಿಗಿಂತ ಹದಗೆಟ್ಟಿದೆ.

ಮನೆಯಿರುವುದು ಕುಮಟಾದ ಹಳೆ ಪೇಟೆಯಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಘಟ್ಟದ ಮೇಲಿನ ಹತ್ತಿ ಈ ಬಂದರಿನಿಂದ ಮುಂಬಯಿಗೆ ಹೋಗಿ ಊರು ಮೆರೆದಿತ್ತು. ಮುಂದೆ ಆ ಸರಕು ರೈಲೇರಿ ಗೋವೆಯ ಮರ್ಮಗೋವಾ ಬಂದರಿನ ದಾರಿ ಹಿಡಿಯಿತು, ನಮ್ಮ ಬಂದರು ಸೊರಗಿತು. ಈಗ ಕೇರಿಯಲ್ಲಿ ಬೀಗ ಹಾಕಿದ ಮನೆಗಳೇ ಹೆಚ್ಚು. ಕೆಲಸ ನೋಡಿಕೊಳ್ಳಲು ಮನೆಯವರು ಊರಲ್ಲಿರುವುದಿಲ್ಲ ಅನ್ನುವುದು ಇಂಥ ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತು.

ಕರಾರಿನಲ್ಲಿ ಸುಣ್ಣದ ಗಾರೆ ಎಂದೇ ಬರೆದಿತ್ತು. ಅಂಗಳದಲ್ಲಿ ಸುಣ್ಣದ ಚೀಲ ಪೇರಿಸಿ ಫೋಟೋ ಕಳಿಸಿದ. ಗೋಡೆಗೆ ಹಚ್ಚಿದ್ದು ಮಾತ್ರ ಸಿಮೆಂಟು, ಮೇಲೆ ಪ್ಲಾಸ್ಟಿಕ್ ಪೇಂಟು. ಕೇಳಿದರೆ, “ಸಿಮೆಂಟು ಗಟ್ಟಿ ಮಾರಾಯ್ರೆ, ನೂರು ವರ್ಷ ಎಂತದೂ ಆಗೂದಿಲ್ಲ!”

ಗಟ್ಟಿಯಾಗಿರುವುದೇ ತೊಂದರೆ. ಚಿರೇಕಲ್ಲು ನೆಲದ ನೀರನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆಯಾದರೆ ಆ ಪಸೆ ಹೊರಗೆ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ, ನೀರು ಗೋಡೆಯೊಳಗೇ ಮೇಲೇರುತ್ತದೆ. ನಮ್ಮ ಕರಾವಳಿಯ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಬಿಳಿ ಉಪ್ಪು ಎದ್ದು ಪೇಂಟು ಹಪ್ಪಳದಂತೆ ಉಬ್ಬಿತು. ಗೋಡೆಯೊಳಗೆ ಕೂತ ತೊಲೆಯ ತುದಿ ಮೆತ್ತಗಾಗಿದೆ. ಅದು ಮಾಳಿಗೆಯ ಭಾರ ಹೊತ್ತ ತೊಲೆ. ಸಿಮೆಂಟು ಕಿತ್ತು ತೆಗೆಯೋಣವೆಂದರೆ ಕಲ್ಲಿನ ಮೈಯೂ ಅದರ ಜೊತೆಗೇ ಕಳಚಿ ಬರುತ್ತದೆ.

ಹೆಂಚಿನದು ಇನ್ನೊಂದು ಕಥೆ. “ಪೂರಾ ಒಡೆದದೆ” ಎಂದು ಹಳೆ ಮಂಗಳೂರು ಹೆಂಚು ಇಳಿಸಿ ಸಾಗಿಸಿಬಿಟ್ಟ. ಒಡೆದ ಚೂರು ಒಂದು ಬುಟ್ಟಿಯಷ್ಟೂ ಹಿತ್ತಲಲ್ಲಿ ಕಾಣಲಿಲ್ಲ. ಹಳೆ ಹೆಂಚಿಗೆ, ಸಾಗವಾನಿ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ), ಕೆತ್ತನೆಯ ಕಂಬಕ್ಕೆ ರೆಸಾರ್ಟ್ ಕಟ್ಟುವವರಿಂದ ಒಳ್ಳೆ ಬೆಲೆಯಿದೆ. ಕೆಲಸ ಶುರುವಾಗುವ ಮುಂಚೆಯೇ ಹೆಂಚು, ಪಕಾಸು (ಮಾಡಿನ ಇಳಿಜಾರು ಮರ), ಬಾಗಿಲು ಎಲ್ಲ ಎಣಿಸಿ, ಫೋಟೋ ತೆಗೆದು, ಪಟ್ಟಿಗೆ ಅವನ ಸಹಿ ಹಾಕಿಸಿ. ಇಳಿಸಿದ ಸಾಮಾನು ಅಂಗಳ ದಾಟಬಾರದು ಎಂದು ಕರಾರಿನಲ್ಲೇ ಇರಲಿ.

ಸುಣ್ಣದ ಕೆಲಸ ಬಲ್ಲವನೋ ಅಲ್ಲವೋ ತಿಳಿಯಲು ಅವನು ಮೊದಲು ಮಾಡಿದ ಮನೆಯನ್ನು ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ಮೊಬೈಲಿನ ಫೋಟೋ ನಂಬಬೇಡಿ. ಸುಣ್ಣ ನೆನೆಹಾಕಿ ಹದ ಬರಲು ಕಾಯಬೇಕು. ಸುಣ್ಣದ ಚೀಲ ಬಂದ ಮರುದಿನವೇ ಗೋಡೆಗೆ ಹಚ್ಚುತ್ತೇನೆ ಎನ್ನುವವನನ್ನು ಅಲ್ಲೇ ನಿಲ್ಲಿಸಿ. ಕೊನೆಯ ಕಂತನ್ನು ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯಿರಿ. ನಮ್ಮದು ತಡೆಹಿಡಿದಿದ್ದೇವೆ, ಅದಕ್ಕೇ ಅವನು ಈಗಲೂ ಫೋನ್ ಎತ್ತುತ್ತಾನೆ.