ಒಂದೇ ಹಾಡು, ಮೂರು ಊರಿನ ದನಿ

ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ಹಾಡು ಕಟ್ಟುತ್ತೇನೆ. ಪದ ನನ್ನದು, ರಾಗ ಹಾಕುವುದೂ ನಾನೇ. ಕೀಬೋರ್ಡ್, ಲ್ಯಾಪ್‌ಟಾಪ್ ಮನೆಯಲ್ಲೇ ಇವೆ. ಇಲ್ಲದ್ದು ಹೆಣ್ಣುದನಿ. ಆಲಮಟ್ಟಿ ಹಿನ್ನೀರಲ್ಲಿ ಮುಳುಗಿದ ಹಳೇ ಓಣಿಯನ್ನು ನೆನೆಯುವ ಒಬ್ಬ ಅಜ್ಜಿಯ ಹಾಡು ಬರೆದಾಗ, ಇದಕ್ಕೆ ಸರಿಯಾದ ದನಿ ಸಿಗುವವರೆಗೆ ಬಿಡಬಾರದು ಅನ್ನಿಸಿತು. ಹಾಗಾಗಿ ಅದೇ ಹಾಡನ್ನು ದುಡ್ಡು ಕೊಟ್ಟು ಮೂರು ಕಡೆ ಹಾಡಿಸಿದೆ. ಒಬ್ಬರು ಬೆಂಗಳೂರಿನ ಸೆಷನ್ ಗಾಯಕಿ, ಅಂದರೆ ದುಡ್ಡಿಗೆ ಬೇರೆಯವರ ಹಾಡು ಹಾಡಿಕೊಡುವವರು. ಇನ್ನೊಬ್ಬರು ಆನ್‌ಲೈನ್ ತಾಣದಲ್ಲಿ ಸಿಕ್ಕ, ಕನ್ನಡ ಬಾರದ ಹೊರರಾಜ್ಯದವರು. ಮತ್ತೊಬ್ಬರು ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತ ಹುಡುಗಿ.

ಕೆಲಸದ ಅಚ್ಚುಕಟ್ಟು ನೋಡಿದರೆ ಬೆಂಗಳೂರಿನವರೇ ಮುಂದೆ. ಮೊದಲೇ ಟೆಂಪೋ (ಹಾಡಿನ ವೇಗ) ಎಷ್ಟು, ಶ್ರುತಿ ಯಾವುದು ಅಂತ ಕೇಳಿದರು. ಎರಡನೇ ದಿನ ಫೈಲ್ ಬಂತು. 48 ಕಿಲೋಹರ್ಟ್ಸ್, 24 ಬಿಟ್ ವೇವ್, ಅಂದರೆ ದನಿ ಕುಗ್ಗಿಸದ ಫೈಲ್; ರಿವರ್ಬ್ (ಗುಂಯ್‌ಗುಡುವ ಮಾರ್ದನಿ) ಇಲ್ಲದ ಒಣ ದನಿ. ಪ್ರತಿ ಫೈಲೂ ಹಾಡಿನ ಸೊನ್ನೆಯಿಂದಲೇ ಶುರು, ಹಾಗಾಗಿ ನಾನು ಮಾಡಿಟ್ಟ ವಾದ್ಯದ ಟ್ರ್ಯಾಕ್ ಮೇಲೆ ಇಟ್ಟರೆ ತಾನೇ ಕೂಡುತ್ತದೆ. ಮೂರು ಸಲ ಹಾಡಿದ ಮೂರೂ ಟೇಕ್ ಒಂದರ ಮೇಲೊಂದು ಅಳತೆ ಮಾಡಿಟ್ಟ ಹಾಗೆ ಕೂತವು. ಆದರೆ 'ಹೊಳಿ ತುಂಬಿ ಬಂದೈತಿ, ಹ್ಯಾಂಗ ದಾಟಲಿ ನಾ' ಅನ್ನುವ ಸಾಲಿಗೆ ಬಂದಾಗ ನನಗೆ ಕಸಿವಿಸಿ ಆಯಿತು. 'ಐತಿ' ಹೋಗಿ 'ಐತೆ' ಆಗಿತ್ತು. 'ಹ್ಯಾಂಗ'ದ ಕೊನೆಯ ಅಕಾರ ನಮ್ಮಲ್ಲಿ ಬಾಯಿ ತೆರೆದು ನಿಲ್ಲುತ್ತದೆ, ಅವರು ಅದನ್ನು ತಟ್ಟನೆ ಮುಚ್ಚಿಬಿಟ್ಟಿದ್ದರು. ತಿದ್ದಿ ಹೇಳಿದೆ. ಬೇಸರ ಮಾಡಿಕೊಳ್ಳದೆ ಮತ್ತೆ ಹಾಡಿದರು. ಅಕ್ಷರ ಸರಿಯಾಯಿತು, ಆದರೆ ಆ ಮಾತು ಅಜ್ಜಿಯದು ಅನ್ನಿಸಲಿಲ್ಲ.

ಆನ್‌ಲೈನ್ ತಾಣದ್ದು ಬೇಗ ಹೇಳಿ ಮುಗಿಸುತ್ತೇನೆ. ದನಿ ತುಂಬಾ ಚಂದ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ್ದೆ. ಆ ಅಕ್ಷರದಲ್ಲಿ 'ಳ'ಗೂ 'ಲ'ಗೂ ವ್ಯತ್ಯಾಸ ಉಳಿಯುವುದಿಲ್ಲ, ಅಲ್ವಾ? ಹೊಳಿ ಅನ್ನುವುದು ಹೋಲಿ ಆಗಿ ಬಂತು. ಎರಡು ಸಲ ತಿದ್ದಲು ಅವಕಾಶವಿತ್ತು, ಎರಡೂ ಉಚ್ಚಾರಕ್ಕೇ ಹೋದವು. ಭಾವದ ಬಗ್ಗೆ ಮಾತಾಡಲು ಸರದಿಯೇ ಬರಲಿಲ್ಲ. ಪದವಿಲ್ಲದ ಆಲಾಪಕ್ಕಾದರೆ ಅವರನ್ನು ಮತ್ತೆ ಕೇಳುತ್ತೇನೆ.

ಧಾರವಾಡದ ಹುಡುಗಿಯ ಜೊತೆ ಕಷ್ಟ ಜಾಸ್ತಿ ಪಟ್ಟೆ, ಕಲಿತದ್ದೂ ಜಾಸ್ತಿ. ಅವಳ ಹತ್ತಿರ ಮೈಕ್ ಇಲ್ಲ. ಮೊದಲು ಮನೆಯಲ್ಲೇ ಫೋನಿನಲ್ಲಿ ಹಾಡಿ ವಾಟ್ಸಾಪ್ ಧ್ವನಿ ಸಂದೇಶವಾಗಿ ಕಳಿಸಿದಳು. ಅಲ್ಲಿ ದನಿ ಕುಗ್ಗಿ ಬರುತ್ತದೆ, ರಾಗ ತಿಳಿಯಲು ಸಾಕು, ಹಾಡಿಗೆ ಸಾಲದು. ಫ್ಯಾನಿನ ಗುಂಯ್ ಅನ್ನುವ ಸದ್ದು ಬೇರೆ. ಆಮೇಲೆ ಅಲ್ಲಿಯೇ ಗಂಟೆ ಲೆಕ್ಕದ ಸಣ್ಣ ಸ್ಟುಡಿಯೋ ಹಿಡಿದೆವು. ಅಲ್ಲಿಯ ಫೈಲ್ ವಾಟ್ಸಾಪಿನದರಷ್ಟು ಸಣ್ಣದಲ್ಲ; 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೊನೊ ದನಿ ನಿಮಿಷಕ್ಕೆ ಎಂಟೂವರೆ ಎಂಬಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ನಾಲ್ಕು ನಿಮಿಷದ ಹಾಡಿನ ಹತ್ತು ಟೇಕ್ ಅಂದರೆ ಸುಮಾರು 350 ಎಂಬಿ, ಅದಕ್ಕೆ ಡ್ರೈವ್ ಲಿಂಕೇ ಸರಿ.

ಶ್ರುತಿ ಕೇಳಿದರೆ 'ಕರಿ ನಾಲ್ಕು' ಅಂದಳು. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಜಿ ಶಾರ್ಪ್. ನಾನು ಟ್ರ್ಯಾಕ್ ಮಾಡಿಟ್ಟಿದ್ದು ಎ ನಲ್ಲಿ. ಅರ್ಧ ಸ್ವರ ತಾನೇ ಅಂತ ಸುಮ್ನೆ ಬಿಡಲಿಲ್ಲ, ಪೂರ್ತಿ ಟ್ರ್ಯಾಕನ್ನು ಇಳಿಸಿದೆ. ವೇಗ ತಪ್ಪದಿರಲಿ ಅಂತ ಹಾಕುವ ಟಿಕ್ ಟಿಕ್ ಅನ್ನುವ ಕ್ಲಿಕ್ ಸದ್ದಿಗೆ ಹಾಡುವಾಗ ಅವಳ ಉಸಿರು ಬಿಗಿಯುತ್ತಿತ್ತು. ಕ್ಲಿಕ್ ತೆಗೆದು ಅದೇ ಟೆಂಪೋದಲ್ಲಿ ಕೆಹರ್ವಾ ತಾಳದ ತಬಲಾ ಠೇಕಾ (ತಾಳದ ನಡೆ) ಹಾಕಿ ಕಳಿಸಿದೆ. ಎಂಟು ಮಾತ್ರೆ ಕಿವಿಗೆ ಬಿದ್ದದ್ದೇ ತಡ, ದನಿ ಸಡಿಲವಾಯಿತು. ಹಾಡುವಾಗ ನಾನು ಫೋನಿನಲ್ಲಿದ್ದೆ. ಕರೆಯಲ್ಲಿ ದನಿ ತಡವಾಗಿ ಬರುವುದರಿಂದ ನಾನು ಇಲ್ಲಿಂದ ನುಡಿಸಿ ಅವಳು ಅಲ್ಲಿ ಹಾಡುವುದು ಆಗದ ಮಾತು. ಟ್ರ್ಯಾಕ್ ಅವಳ ಹೆಡ್‌ಫೋನಿನಲ್ಲೇ ಇರಬೇಕು. ನಾನು ಕೇಳಿಸಿಕೊಳ್ಳುವುದು, ಟೇಕ್ ಮುಗಿದ ಮೇಲೆ ಮಾತಾಡುವುದು.

ಒಂದು ತೊಡಕು ಕೊನೆಯವರೆಗೂ ಉಳಿಯಿತು. ಪ್ರತಿ ಟೇಕಿನಲ್ಲೂ ಹೊಸ ಮುರ್ಕಿ, ಅಂದರೆ ಸ್ವರವನ್ನು ಬೇಗನೆ ಸುತ್ತಿಸುವ ಸಣ್ಣ ಅಲಂಕಾರ. ಒಂದರ ಸಾಲನ್ನು ಇನ್ನೊಂದಕ್ಕೆ ಜೋಡಿಸಲು ಬರಲ್ಲ. ಕೊನೆಗೆ ಏಳನೇ ಟೇಕನ್ನು ಇಡಿಯಾಗಿ ಇಟ್ಟುಕೊಂಡೆ. 'ಹ್ಯಾಂಗ ದಾಟಲಿ' ಅನ್ನುವಾಗ ಅವಳು ಒಂದು ಗಳಿಗೆ ತಡೆದು ಹಾಡಿದ್ದಳು. ನಾನು ಹೇಳಿಕೊಟ್ಟದ್ದಲ್ಲ ಅದು. ಕೇಳಿದಾಗ ಕಣ್ಣು ತುಂಬಿತು.

ಖರ್ಚಿನಲ್ಲಿ ಬೆಂಗಳೂರಿನದೇ ಜಾಸ್ತಿ ಆಯಿತು. ಧಾರವಾಡದ್ದು ಸ್ಟುಡಿಯೋ ಬಾಡಿಗೆ ಸೇರಿ ಅದರ ಹತ್ತಿರಕ್ಕೆ ಬಂತು. ಸಮಯ ಮಾತ್ರ ಮೂರು ವಾರ ಹಿಡಿಯಿತು. ನಾಳೆಯೇ ಹಾಡು ಬೇಕು, ಪದ ಪುಸ್ತಕದ ಕನ್ನಡದಲ್ಲಿವೆ ಅಂದರೆ ನಾನು ಬೆಂಗಳೂರಿಗೇ ಫೋನ್ ಮಾಡುತ್ತೇನೆ. ನಮ್ಮ ಕಡೆ ಮಾತಿನ ಹಾಡಾದರೆ ಮೂರು ವಾರ ಕಾಯುತ್ತೇನೆ.

ಯಾರ ಹತ್ತಿರ ಹಾಡಿಸಿದರೂ ಕಾಗದ ಮೊದಲೇ ಆಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಹಾಡಿದವರಿಗೆ ತಮ್ಮ ಹೆಸರು ಹಾಕಿ ಅಂತ ಕೇಳುವ ಹಕ್ಕು ಕೊಟ್ಟಿದೆ. ಹಾಡನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯ ಮಾತೂ ಇದೆ. ಒಮ್ಮೆ ದುಡ್ಡು ಕೊಟ್ಟೆವು, ಮುಗೀತು ಅಂದುಕೊಳ್ಳಬೇಡಿ. ಎಲ್ಲಿ ಬಿಡುಗಡೆ, ಯಾರ ಹೆಸರು ಎಲ್ಲಿ, ಎಷ್ಟು ಪಾಲು, ಎಷ್ಟು ಸಲ ತಿದ್ದುವುದು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಈಗ ಹಾಡಿನಲ್ಲಿ ಮುಂದಿರುವುದು ಧಾರವಾಡದ ದನಿ. ಹಿಂದೆ 'ಊ' ಅಂತ ತೇಲುವ ಹಾರ್ಮನಿ (ಮುಖ್ಯ ದನಿಗೆ ಹೊಂದುವ ಬೇರೆ ಸ್ವರದ ದನಿ) ಬೆಂಗಳೂರಿನವರದು. ಅಲ್ಲಿ ಪದವಿಲ್ಲ, ಅಳತೆ ಬೇಕು, ಅದು ಅವರಷ್ಟು ಚೊಕ್ಕವಾಗಿ ಬೇರೆ ಯಾರಿಂದಲೂ ಬರಲಿಲ್ಲ. ಇಬ್ಬರ ಹೆಸರನ್ನೂ ಹಾಡಿನ ಜೊತೆ ಹಾಕಿದ್ದೇನೆ.