ಮೈನರ್‌ನ ಬ್ರೇಕ್ ಪೈಪಿಗೆ ಮೂರು ಥರದ ನಟ್ಟು ಹಾಕಿ ನೋಡಿದೆ

ನನ್ನ ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್ 1000ರ ಹಿಂದಿನ ಬ್ರೇಕ್ ಪೈಪು ತುಕ್ಕು ಹಿಡಿದು ಒಸರತೊಡಗಿತ್ತು. ಪೈಪು ಹೊಂದಿಸುವುದೇನೂ ಕಷ್ಟವಲ್ಲ. 3/16 ಇಂಚು, ಅಂದರೆ 4.76 ಮಿ.ಮೀ. ನಾನು ತಾಮ್ರ-ನಿಕ್ಕಲ್ ಮಿಶ್ರದ್ದು ತಂದೆ. ಕೈಯಲ್ಲೇ ಬಗ್ಗುತ್ತದೆ, ತುಕ್ಕಿನ ಕಾಟವೂ ಇಲ್ಲ. ತಲೆ ತಿಂದದ್ದು ಅದರ ತುದಿಯ ನಟ್ಟು: ಪೈಪು ನಡುವೆ ತೂರಿ ಬರುವ, ಥ್ರೆಡ್ ಹೊರಮೈಯಲ್ಲಿರುವ ಬಗೆಯದು.

ಈ ಕಾರಿನದು 3/8 ಇಂಚಿನ ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ನಯವಾದ ಥ್ರೆಡ್, ಇಂಚಿಗೆ 24. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕೇಳಿದ ಕೂಡಲೇ ಕೈಗಿಟ್ಟದ್ದು ಈಗಿನ ಕಾರುಗಳ ಎಂ10×1, ಮಿಲಿಮೀಟರ್ ಲೆಕ್ಕದ್ದು. ಪಕ್ಕಪಕ್ಕ ಇಟ್ಟರೆ ಅವಳಿ-ಜವಳಿ. ವರ್ನಿಯರ್ ಹಿಡಿದರೆ ಮಾತ್ರ ಗುಟ್ಟು ರಟ್ಟು: ಇಂಚಿನದು 9.5 ಮಿ.ಮೀ. ದಪ್ಪ, ಎಂ10 ಹತ್ತು. ಥ್ರೆಡ್ಡಿಂದ ಥ್ರೆಡ್ಡಿಗೆ ಅಂತರ ಇಂಚಿನದರಲ್ಲಿ 1.06 ಮಿ.ಮೀ., ಎಂ10ರಲ್ಲಿ 1.

ಎಂ10 ನಟ್ಟನ್ನು ಚಕ್ರದ ಬಳಿ ಬ್ರೇಕ್ ಒತ್ತುವ ಹಳೆಯ ವ್ಹೀಲ್ ಸಿಲಿಂಡರಿಗೆ ಹಚ್ಚಿದರೆ ಒಂದು ಸುತ್ತಿಗೇ ಬಿಗಿಯಾಗಿ ನಿಂತುಬಿಡುತ್ತದೆ. ಸ್ಪ್ಯಾನರ್ ಹಾಕಿ ಬಲಪ್ರಯೋಗ ಮಾಡದಿದ್ದರೆ ಅಪಾಯವಿಲ್ಲ. ಮೋಸ ಮಾಡುವುದು ಇದರ ಉಲ್ಟಾ. ಆಕ್ಸಲ್ ಮೇಲಿನ ತ್ರೀ-ವೇ (ಮೂರು ಪೈಪು ಸೇರುವ ತುಂಡು) ಕೂಡ ಅಲ್ಲಿಂದಲೇ ಹೊಸದು ತಂದಿದ್ದೆ, ಅದರ ತೂತು ಎಂ10. ನನ್ನ ಹಳೆಯ ನಟ್ಟು ಬೆರಳಲ್ಲೇ ಸರಸರ ಒಳಗೆ ಹೋಯಿತು. ‘ಆಹಾ, ಎಷ್ಟು ಚೆನ್ನಾಗಿ ಕೂತಿತು’ ಅಂದುಕೊಂಡೆ! ಥ್ರೆಡ್ಡು ಅಂಚಿನಲ್ಲಷ್ಟೇ ಕಚ್ಚಿಕೊಂಡಿತ್ತು. ಬಿಗಿ ಮಾಡುವಾಗ ಕೊನೆಯ ಕಾಲು ಸುತ್ತಿನಲ್ಲಿ ಸ್ಪ್ಯಾನರ್ ಮೆತ್ತಗಾಯಿತು, ಹಿತ್ತಾಳೆಯ ಪುಡಿ ಉದುರಿತು. ಗ್ಯಾರೇಜಿನಲ್ಲೇ ಕೈಕೊಟ್ಟದ್ದು ಪುಣ್ಯ. ಮೈನರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ದ್ರವದ ಒಂದೇ ಸರ್ಕ್ಯೂಟ್. ಒಂದು ಕಡೆ ಬಿಟ್ಟರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ.

ಎರಡನೆಯದು ಲೇತ್ ಅಂಗಡಿಯ ದಾರಿ. ಎಂ10 ನಟ್ಟಿನ ಮೇಲೆಯೇ 3/8ರ ಡೈ (ಥ್ರೆಡ್ ಕೊರೆಯುವ ಅಚ್ಚು) ಓಡಿಸಿಕೊಡುತ್ತೇನೆ ಅಂದರು. ಹಳೆಯ ಗೆರೆಯ ಮೇಲೆ ಹೊಸ ಗೆರೆ ಬಿದ್ದು ಇಲಿ ಕಡಿದ ಹಾಗಾಯಿತು, ಎಸೆದೆ. ಹಿತ್ತಾಳೆಯ ಷಡ್ಕೋನ ಸರಳಿನಿಂದ ಹೊಸದಾಗಿ ಮಾಡಿಸಿದ್ದು ನಿಜಕ್ಕೂ ಚೆಂದವಿತ್ತು. ಆದರೆ ನಡುವಿನ ತೂತನ್ನು 5.5 ಮಿ.ಮೀ. ಕೊರೆದಿದ್ದರು. ಪೈಪು ಒಳಗೆ ಅಲ್ಲಾಡಿ, ನಟ್ಟಿನ ಮೂತಿ ಫ್ಲೇರಿನ, ಅಂದರೆ ಪೈಪಿನ ಅರಳಿಸಿದ ತುದಿಯ, ಬೆನ್ನನ್ನು ಪೂರ್ತಿ ಒತ್ತಲಿಲ್ಲ. ಪೆಡಲ್ ಒತ್ತಿ ಹಿಡಿದರೆ ಐದು ನಿಮಿಷಕ್ಕೊಂದು ಹನಿ.

ಮೂರನೆಯದು, ಇಂಗ್ಲೆಂಡಿನಿಂದ ಬರುವ ಪರಿಚಿತರ ಕೈಲಿ ತರಿಸಿದ ಅಸಲಿ ಯುಎನ್‌ಎಫ್ ನಟ್ಟು. ಜೊತೆಗೆ ಇಂಚಿನ ತೂತಿನದೇ ತ್ರೀ-ವೇ. ಮೂರು ವಾರ ಕಾದೆ, ಕಾರು ಇಟ್ಟಿಗೆಯ ಮೇಲೆ ನಿಂತೇ ಇತ್ತು. ಇದಕ್ಕೂ ಒಂದು ಷರತ್ತು: ಥ್ರೆಡ್ ಹೊರಗಿರುವ ಗಂಡು ನಟ್ಟಿಗೆ ಅಣಬೆಯಂತೆ ಉಬ್ಬಿದ ಫ್ಲೇರ್, ಥ್ರೆಡ್ ಒಳಗಿರುವ ಹೆಣ್ಣು ನಟ್ಟಿಗೆ ಒಳಕ್ಕೆ ಮಡಚಿದ ಡಬಲ್ ಫ್ಲೇರ್. ಅದಲು ಬದಲಾದರೆ ಎಷ್ಟು ದುಡ್ಡಿನ ನಟ್ಟಾದರೂ ಸೋರುತ್ತದೆ. ಒಂದು ಪೈಪಿಗಂತೂ ನಟ್ಟು ತೂರಿಸುವ ಮೊದಲೇ ಫ್ಲೇರ್ ಮಾಡಿ, ತುದಿ ಕತ್ತರಿಸಿ ಮತ್ತೆ ಶುರುಮಾಡಿದೆ.

ಕೊನೆಗೆ ಪೈಪಿನೊಳಗಿನ ಏರ್ ತೆಗೆದು, ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ “ಒತ್ತು, ಬಿಡಬೇಡ” ಅಂದು ಕೆಳಗೆ ಪೇಪರ್ ಹಾಸಿಕೊಂಡು ಮಲಗಿದೆ. ಐದು ನಿಮಿಷ, ಹತ್ತು ನಿಮಿಷ. “ಕಾಲು ಜೋಮು ಹಿಡೀತು ಕಣ್ರೀ” ಅಂದಳು. ಪೇಪರ್ ಒಣಗಿಯೇ ಇತ್ತು.

ಕಾಯುವ ವ್ಯವಧಾನ ಇಲ್ಲದವರು ಲೇತಿನಲ್ಲೇ ಮಾಡಿಸಿ, ಆದರೆ ಹಳೆಯ ನಟ್ಟನ್ನು ಮಾದರಿಗೆ ಕೊಟ್ಟು, ತೂತಿನ ಅಳತೆ ಚೀಟಿಯಲ್ಲಿ ಬರೆದುಕೊಡಿ. ಎಂ10 ನಟ್ಟುಗಳೆಲ್ಲ ಈಗ ನಮ್ಮ ಮನೆಯ ಬೇರೆ ಕಾರಿನ ಡಬ್ಬಿಯಲ್ಲಿವೆ.